ದಾಸವಾಳದ ಸಾರ: ಅಳತೆಯಲ್ಲಿ ಎಚ್ಚರ

ಕೆಂಪು ದಾಸವಾಳದ ದಳಗಳನ್ನು ಆಲ್ಕೊಹಾಲಿನಲ್ಲಿ ನೆನೆಸಿದರೆ ಬಣ್ಣ ದ್ರವಕ್ಕೆ ಇಳಿಯುತ್ತದೆ. ಆ ಸಾರದಲ್ಲಿ ಆಂಥೋಸಯಾನಿನ್ ವರ್ಣಕಗಳೂ ಇತರ ಫೀನಾಲ್ ಸಂಯುಕ್ತಗಳೂ ಇರುತ್ತವೆ. ಇಂಥ ಸಾರಗಳಿಗೆ ಉತ್ಕರ್ಷಣ ನಿರೋಧಕ ಗುಣವೂ ಬ್ಯಾಕ್ಟೀರಿಯ ನಿರೋಧಕ ಗುಣವೂ ಇವೆಯೆಂದು ನೀವು ಓದಿರಬಹುದು. ಇವನ್ನು ಅಳೆಯುವುದು ಹೇಗೆ? ಎಲ್ಲಿ ಎಡವಬಹುದು? ನೋಡೋಣ.

ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು ಅಥವಾ ಅಣುವಿನ ತುಣುಕೇ ಮುಕ್ತ ರ‍್ಯಾಡಿಕಲ್. ಅದು ನೆರೆಯ ಅಣುವಿನಿಂದ ಎಲೆಕ್ಟ್ರಾನನ್ನೋ ಹೈಡ್ರೊಜನ್ ಪರಮಾಣುವನ್ನೋ ಕಿತ್ತುಕೊಳ್ಳುತ್ತದೆ. ಫೀನಾಲ್ ಸಂಯುಕ್ತಗಳು ಹೈಡ್ರೊಜನ್ ಒದಗಿಸಿ ಅದನ್ನು ಶಾಂತಗೊಳಿಸುತ್ತವೆ. ಇದನ್ನು ಅಳೆಯಲು 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಡಿಪಿಪಿಎಚ್ ಎಂಬ ಸ್ಥಿರ ರ‍್ಯಾಡಿಕಲ್ಲನ್ನು ಬಳಸುವ ವಿಧಾನ ಪ್ರಕಟಿಸಿದರು. ಇದರ ದ್ರಾವಣ ಕಡುನೇರಳೆ. ಹೈಡ್ರೊಜನ್ ದೊರೆತಾಗ ತಿಳಿಹಳದಿ. ಸುಮಾರು 517 ನ್ಯಾನೊಮೀಟರ್ ತರಂಗದೂರದ ಬೆಳಕಿನ ಹೀರಿಕೆ ಎಷ್ಟು ಇಳಿಯಿತೆಂಬುದನ್ನು ಸ್ಪೆಕ್ಟ್ರೋಫೋಟೋಮೀಟರ್ ತಿಳಿಸುತ್ತದೆ.

ತೊಡಕು ಇಲ್ಲಿಯೇ ಇದೆ. ಆಮ್ಲೀಯ ದ್ರಾವಣದಲ್ಲಿ ಆಂಥೋಸಯಾನಿನ್‌ಗಳೂ 520 ನ್ಯಾನೊಮೀಟರಿನ ಆಸುಪಾಸಿನಲ್ಲೇ ಬೆಳಕನ್ನು ಹೀರುತ್ತವೆ. ಡಿಪಿಪಿಎಚ್ ಮಾತ್ರ ಇದ್ದಾಗ ಹೀರಿಕೆ 0.80, ಸಾರ ಬೆರೆಸಿದಾಗ 0.30 ಎಂದಿಟ್ಟುಕೊಳ್ಳಿ. ಇಳಿಕೆ ಶೇಕಡ 62.5. ಆದರೆ ಅಷ್ಟೇ ಸಾರವನ್ನು ಡಿಪಿಪಿಎಚ್ ಇಲ್ಲದ ಆಲ್ಕೊಹಾಲಿನಲ್ಲಿ ಬೆರೆಸಿ ಅಳೆದಾಗ 0.10 ಬಂದರೆ, ಅದು ದಳದ ಸ್ವಂತ ಬಣ್ಣ. ಅದನ್ನು ಕಳೆದರೆ ಉಳಿದದ್ದು 0.20, ನಿಜವಾದ ಇಳಿಕೆ ಶೇಕಡ 75.

ಇನ್ನು ಬ್ಯಾಕ್ಟೀರಿಯ ಪರೀಕ್ಷೆ. ಬ್ಯಾಕ್ಟೀರಿಯ ಹರಡಿದ ಅಗಾರ್ ತಟ್ಟೆಯ ಮೇಲೆ ಸಾರ ಹೀರಿಸಿದ ಕಾಗದದ ಬಿಲ್ಲೆ ಇಡುತ್ತಾರೆ. ಬೆಳವಣಿಗೆ ತಡೆದ ಕಡೆ, ಬಿಲ್ಲೆಯ ಸುತ್ತ ತಿಳಿಯಾದ ವಲಯ ಮೂಡುತ್ತದೆ. ವಲಯ ದೊಡ್ಡದಾದಷ್ಟೂ ಸಾರ ಪ್ರಬಲವೇ? ಹಾಗೆನ್ನಲಾಗದು. ಅಣುಗಳು ಅಗಾರ್‌ನಲ್ಲಿ ಎಷ್ಟು ದೂರ ವಿಸರಣಗೊಳ್ಳುತ್ತವೆ ಎಂಬುದು ಅವುಗಳ ಗಾತ್ರ, ಸಾಂದ್ರತೆ, ಅಗಾರ್‌ನ ದಪ್ಪ ಇವನ್ನೂ ಅವಲಂಬಿಸಿದೆ. ಅಲ್ಲದೆ ಆಲ್ಕೊಹಾಲೇ ಬ್ಯಾಕ್ಟೀರಿಯವನ್ನು ಕೊಲ್ಲಬಲ್ಲದು. ಆದ್ದರಿಂದ ಬರಿಯ ಆಲ್ಕೊಹಾಲು ಹೀರಿಸಿ, ಅದೇ ರೀತಿ ಒಣಗಿಸಿದ ಇನ್ನೊಂದು ಬಿಲ್ಲೆ ಅದೇ ತಟ್ಟೆಯಲ್ಲಿರಬೇಕು. ಒಂದು ಜಾತಿಯ ಬ್ಯಾಕ್ಟೀರಿಯದ ಫಲಿತಾಂಶ ಎಲ್ಲಕ್ಕೂ ಅನ್ವಯಿಸುವುದೂ ಇಲ್ಲ. ಗ್ರಾಂ ಋಣ ಬ್ಯಾಕ್ಟೀರಿಯಗಳಿಗಿರುವ ಹೊರಪೊರೆ ಅನೇಕ ವಸ್ತುಗಳನ್ನು ಒಳಬಿಡದೆ ತಡೆಯುತ್ತದೆ.

ಎರಡೂ ಪರೀಕ್ಷೆಗಳಲ್ಲಿ ಗೆದ್ದ ಸಾರ ಔಷಧವಾಯಿತೇ? ಇಲ್ಲ. ಕುಡಿದ ಸಾರದ ಸಂಯುಕ್ತಗಳು ಕರುಳಿನಲ್ಲಿ, ಯಕೃತ್ತಿನಲ್ಲಿ ಮಾರ್ಪಡುತ್ತವೆ; ರಕ್ತ ಸೇರುವ ಪ್ರಮಾಣ ಬಲು ಕಡಿಮೆಯಿರಬಹುದು. ತಟ್ಟೆಯ ಫಲಿತಾಂಶ ಮುಂದಿನ ಸಂಶೋಧನೆಗೆ ಸುಳಿವು ಮಾತ್ರ. ವಿದ್ಯಾರ್ಥಿಯ ಯೋಜನಾ ವರದಿಯನ್ನು ಓದುವಾಗ ಶಿಕ್ಷಕರು ಮೊದಲು ಕೇಳಬೇಕಾದ ಪ್ರಶ್ನೆ: ನಿಯಂತ್ರಣ ಪ್ರಯೋಗ ಎಲ್ಲಿ?