ಮನೆಯ ಕಾರು ನಿಮಗೂ ಗೊತ್ತಿರಲಿ!

ಮಿಕ್ಸಿಯ ಸದ್ದು ಸ್ವಲ್ಪ ಬದಲಾದರೂ ಸಾಕು, ಹಾಲ್‌ನಲ್ಲಿ ಕೂತಿದ್ದರೂ ನಮಗೆ ಗೊತ್ತಾಗಿಬಿಡುತ್ತದೆ. ಕುಕ್ಕರ್ ವಿಷಲ್ ಹೊಡೆಯದೆ ಪಕ್ಕದಿಂದ ಹಬೆ ಬಿಟ್ಟರೆ ‘ಗ್ಯಾಸ್ಕೆಟ್ ಹೋಯ್ತು’ ಅಂತ ತಕ್ಷಣ ಹೇಳುತ್ತೇವೆ. ಆದರೆ ಲಕ್ಷಗಟ್ಟಲೆ ಸಾಲ ಮಾಡಿ ತಂದು ಮನೆ ಮುಂದೆ ನಿಲ್ಲಿಸಿದ ಕಾರಿನ ವಿಷಯ ಬಂದರೆ ಮಾತ್ರ ‘ಅದೆಲ್ಲಾ ನಮ್ಮೆಜಮಾನ್ರಿಗೇ ಗೊತ್ತು’ ಅಂತ ಸುಮ್ಮನಾಗಿಬಿಡುತ್ತೇವೆ. ಅಲ್ವೇ?

ನಾನೂ ಹಾಗೇ ಇದ್ದೆ. ಕೆಲವು ವರ್ಷಗಳ ಹಿಂದಿನ ಮಾತು. ಚನ್ನಪಟ್ಟಣದಲ್ಲಿ ನೆಂಟರ ಮನೆ ಮದುವೆ. ನಮ್ಮ ಹಳೇ ಕಾರಿನಲ್ಲಿ ಹೊರಟಿದ್ದೆವು. ಹಿಂದೆ ಅತ್ತೆ, ಮಗಳು, ಮುಂದೆ ನಾನು. ರಾಮನಗರ ಇನ್ನೇನು ಬಂತು ಅನ್ನುವಾಗ ಸ್ಪೀಡೋಮೀಟರ್ ಪಕ್ಕ ಒಂದು ಕೆಂಪು ದೀಪ ಹತ್ತಿತು. ‘ರೀ, ಅದೇನದು ಕೆಂಪಗೆ?’ ಅಂದೆ. ‘ಏನೂ ಆಗಲ್ಲ ಸುಮ್ನಿರು, ಮುಹೂರ್ತಕ್ಕೆ ಲೇಟಾಗ್ತಿದೆ’ ಅಂದರು. ನಾನೂ ಸುಮ್ಮನಾದೆ. ನನಗೇನು ಗೊತ್ತಾಗುತ್ತೆ, ಅಲ್ವಾ? ಐದಾರು ಕಿಲೋಮೀಟರ್ ಹೋಗಿರಬಹುದು, ಬಾನೆಟ್‌ನಿಂದ ಬುಸ್ಸಂತ ಹೊಗೆಯ ಹಾಗೆ ಹಬೆ ಎದ್ದಿತು, ಕಾರು ನಿಂತೇಹೋಯ್ತು.

ರೇಡಿಯೇಟರ್‌ನ ರಬ್ಬರ್ ಪೈಪ್ ಒಡೆದು ಕೂಲೆಂಟ್ ಎಲ್ಲಾ ಸೋರಿಹೋಗಿತ್ತು. ಒಂದು ವರ್ಷದಿಂದ ಬಾನೆಟ್ ಎತ್ತಿ ನೋಡದ ತಪ್ಪು ನಮ್ಮದೇ. ಮೆಕ್ಯಾನಿಕ್ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: ‘ಅಕ್ಕಾ, ದೀಪ ಹತ್ತಿದ ತಕ್ಷಣ ನಿಲ್ಲಿಸಿದ್ರೆ ಪೈಪಿನ ಖರ್ಚಲ್ಲೇ ಮುಗೀತಿತ್ತು. ಈಗ ಹೆಡ್ ಗ್ಯಾಸ್ಕೆಟ್ ಸುಟ್ಟೋಗಿದೆ.’ ಮಗಳ ಸ್ಕೂಲ್ ಫೀಸಿಗೆ ಎತ್ತಿಟ್ಟಿದ್ದ ದುಡ್ಡು ಗ್ಯಾರೇಜಿಗೆ ಹೋಯಿತು. ದುಡ್ಡಿಗಿಂತ ಹೆಚ್ಚು ಬೇಜಾರಾಗಿದ್ದು, ನೋಡಿಯೂ ಸುಮ್ಮನಿದ್ದೆನಲ್ಲ ಅನ್ನೋದಕ್ಕೆ. ಅಲ್ಲಿಂದ ಕಾರಿನ ಜೊತೆ ಕೊಡುವ ಪುಸ್ತಕ ಹಿಡಿದು ಕೂತೆ. ಗೊತ್ತಿಲ್ಲದ್ದನ್ನು ಮೆಕ್ಯಾನಿಕ್‌ಗಳನ್ನು ಕೇಳಿ ಕೇಳಿ ತಿಳಿದುಕೊಂಡೆ. ಅದರಲ್ಲಿ ನಮಗೆ ಬೇಕಾದಷ್ಟು ಇಲ್ಲಿದೆ.

ನಮ್ಮ ಬಿಡದಿಯ ಕಾರುಗಳು

ಮೊದಲು ಗೊತ್ತಿರಬೇಕಾದ್ದು, ನಮ್ಮ ಕಾರು ಯಾವ ಮಾಡೆಲ್, ಯಾವ ವರ್ಷದ್ದು ಅನ್ನೋದು. ಬಿಡಿಭಾಗ ಕೊಳ್ಳುವಾಗ, ಇನ್ಶೂರೆನ್ಸ್ ಕಟ್ಟುವಾಗ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಲ್ಲದಕ್ಕೂ ಅದೇ ಬುನಾದಿ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ, ಬಿಡದಿಯೇ ಇದೆ. ತಟ್ಟೆ ಇಡ್ಲಿಗೆ ಹೆಸರಾದ ಈ ಊರಿನಲ್ಲೇ ಟೊಯೊಟಾ ಕಿರ್ಲೋಸ್ಕರ್ ಮೋಟಾರ್‌ನ ಕಾರ್ಖಾನೆ ಇರೋದು. ಕಂಪನಿ ಹುಟ್ಟಿದ್ದು 1997ರಲ್ಲಿ. ಇಲ್ಲಿಂದ ಹೊರಬಂದ ಮೊದಲ ಗಾಡಿ ಕ್ವಾಲಿಸ್, 2000ದ ಜನವರಿಯಲ್ಲಿ ಮಾರುಕಟ್ಟೆಗೆ ಬಂತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂದಿದ್ದು ಎಲ್ಲರಿಗೂ ಗೊತ್ತು.

ಇವೆರಡೂ ದೊಡ್ಡ ಗಾಡಿಗಳು. ಹಿಂದೆ ಬೇರೆಯಾಗಿ ಡಿಕ್ಕಿ ಇರುವ ಕಾರಿಗೆ ಸೆಡಾನ್ ಎನ್ನುತ್ತಾರೆ. ಬಿಡದಿಯ ಸೆಡಾನ್‌ಗಳ ಕಥೆ ಹೀಗಿದೆ.

ಕೊರೊಲ್ಲಾ: ಜಪಾನಿನಲ್ಲಿ ಈ ಹೆಸರಿನ ಮೊದಲ ಕಾರು ಬಂದಿದ್ದು 1966ರಲ್ಲಿ. 2021ರ ಹೊತ್ತಿಗೆ ಜಗತ್ತಿನಲ್ಲಿ 5 ಕೋಟಿಗೂ ಹೆಚ್ಚು ಕೊರೊಲ್ಲಾಗಳು ಮಾರಾಟವಾಗಿದ್ದವು! ನಮ್ಮಲ್ಲಿಗೆ ಬಂದಿದ್ದು 2003ರಲ್ಲಿ, 1.8 ಲೀಟರ್ ಪೆಟ್ರೋಲ್ ಎಂಜಿನ್‌ನೊಂದಿಗೆ. 2008ರಲ್ಲಿ ಕೊರೊಲ್ಲಾ ಆಲ್ಟಿಸ್ ಆಯಿತು, 2010ರಲ್ಲಿ ಡೀಸೆಲ್ ಎಂಜಿನ್ ಸೇರಿತು, 2014ರಲ್ಲಿ ಮತ್ತೆ ಹೊಸ ರೂಪ ಪಡೆಯಿತು. 2020ರಲ್ಲಿ ಇಲ್ಲಿ ಮಾರಾಟ ನಿಂತಿತು.

ಇಟಿಯೋಸ್: ನಮ್ಮಂಥ ಮಧ್ಯಮ ವರ್ಗದ ಮನೆಗಳಿಗೆ ಹತ್ತಿರವಾದ ಕಾರು ಇದು. ಭಾರತದವರಿಗೆ ಅಂತಲೇ ರೂಪಿಸಿ, ಬಿಡದಿಯಲ್ಲೇ ಕಟ್ಟಿದ ಎರಡನೇ ಕಾರ್ಖಾನೆಯಲ್ಲಿ ತಯಾರಿಸಿದರು. 2010ರ ಡಿಸೆಂಬರ್‌ನಲ್ಲಿ ಬಂದಾಗ ಆರಂಭದ ಷೋರೂಂ ಬೆಲೆ 4.96 ಲಕ್ಷ ರೂಪಾಯಿ. 2011ರಲ್ಲಿ ಡೀಸೆಲ್ ಬಂತು, 2016ರಲ್ಲಿ ‘ಪ್ಲಾಟಿನಂ ಇಟಿಯೋಸ್’ ಎಂಬ ಹೊಸ ಅವತಾರ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಇದರ ಮಾರಾಟ ನಿಲ್ಲಿಸಿದರು. ರಸ್ತೆಯಲ್ಲಿ ಮಾತ್ರ ಇವತ್ತಿಗೂ ಬೇಕಾದಷ್ಟಿವೆ.

ಯಾರಿಸ್: 2018ರ ಮೇ ತಿಂಗಳಲ್ಲಿ ಬಂತು. ಎಲ್ಲಾ ದರ್ಜೆಗಳಲ್ಲೂ 7 ಏರ್‌ಬ್ಯಾಗ್ ಕೊಟ್ಟಿದ್ದು ಇದರ ಹೆಚ್ಚುಗಾರಿಕೆ. 2021ರಲ್ಲಿ ಇದೂ ನಿಂತಿತು.

ಇನ್ನು ಕ್ಯಾಮ್ರಿ ಹೈಬ್ರಿಡ್. ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಈ ದುಬಾರಿ ಸೆಡಾನ್ 2013ರಿಂದ ಬಿಡದಿಯಲ್ಲಿ ಜೋಡಣೆಯಾಗುತ್ತಾ ಬಂದಿದೆ. ನಮ್ಮ ಬಜೆಟ್ಟಿಗೆ ಅದು ಬೇಡ ಬಿಡಿ!

ಬಾನೆಟ್ ಒಳಗೆ ಏನಿದೆ?

ಹೆಚ್ಚಿನ ಮನೆಗಳಲ್ಲಿ ಕಾಣುವ ಇಟಿಯೋಸನ್ನೇ ಇಟ್ಟುಕೊಂಡು ನೋಡೋಣ. ಬೇರೆ ಕಂಪನಿಯ ಸಣ್ಣ ಸೆಡಾನ್ ಆದರೂ ಒಳಗಿನ ಸಂಸಾರ ಹೆಚ್ಚು ಕಡಿಮೆ ಇದೇ.

ಎಂಜಿನ್: ಪೆಟ್ರೋಲ್ ಇಟಿಯೋಸ್‌ನದು 1496 ಸಿಸಿ, ಅಂದ್ರೆ ಒಂದೂವರೆ ಲೀಟರ್. ಇದರ ಶಕ್ತಿ 90 ಪಿಎಸ್. ಡೀಸೆಲ್‌ನದು 1364 ಸಿಸಿ, ಶಕ್ತಿ 68 ಪಿಎಸ್. ಹಾಗಾದ್ರೆ ಡೀಸೆಲ್ ಕಾರು ಐದು ಜನ ಕೂತರೂ ಅಷ್ಟು ಸಲೀಸಾಗಿ ಎಳೆಯೋದು ಹೇಗೆ? ಎಳೆಯುವ ಬಲದ ಲೆಕ್ಕವೇ ಬೇರೆ, ಅದಕ್ಕೆ ಟಾರ್ಕ್ ಅಂತಾರೆ. ಪೆಟ್ರೋಲ್‌ನಲ್ಲಿ ಅದು 132, ಡೀಸೆಲ್‌ನಲ್ಲಿ 170 ಎನ್‌ಎಂ. ಎಂಜಿನ್ ಒಳಗಿನ ಭಾಗಗಳು ಒಂದಕ್ಕೊಂದು ಉಜ್ಜದಂತೆ ಕಾಯುವುದು ಆಯಿಲ್. ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಬೇಕು. ‘ಕಾರು ಓಡೇ ಇಲ್ಲ, ಆಯಿಲ್ ಯಾಕೆ?’ ಅನ್ನುವ ವಾದ ನಡೆಯೋದಿಲ್ಲ. ನಿಂತಲ್ಲೇ ನಿಂತರೂ ಆಯಿಲ್ ಹಳಸುತ್ತದೆ.

ಕೂಲಿಂಗ್: ಎಂಜಿನ್‌ನ ಬಿಸಿಯನ್ನು ಕೂಲೆಂಟ್ ಹೊತ್ತು ತಂದು ಮುಂದಿರುವ ರೇಡಿಯೇಟರ್‌ನಲ್ಲಿ ತಣ್ಣಗಾಗುತ್ತದೆ. ಇದು ಕಡಿಮೆಯಾದರೆ ಎಂಜಿನ್ ಕಾದು, ಎಂಜಿನ್‌ನ ಮೇಲ್ಭಾಗ ಮತ್ತು ಕೆಳಭಾಗದ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ನಮಗಾಗಿದ್ದು ಇದೇ. ಬರೀ ನಲ್ಲಿ ನೀರು ತುಂಬಿಸುತ್ತಾ ಹೋದರೆ ಒಳಗೆ ತುಕ್ಕು, ಗಸಿ ಕಟ್ಟುತ್ತದೆ, ನಮ್ಮ ಗೀಸರ್‌ನಲ್ಲಿ ಕಟ್ಟುವ ಹಾಗೆ.

ಕ್ಲಚ್, ಗೇರ್: ಇಟಿಯೋಸ್‌ನಲ್ಲಿ 5 ಗೇರ್. ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿದರೂ ಕಾರು ಅದಕ್ಕೆ ತಕ್ಕಂತೆ ಓಡದಿದ್ದರೆ, ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸವೆದಿದೆ ಅಂತ ಅರ್ಥ. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರದಿಂದ ‘ಟಕ್ ಟಕ್’ ಅಂತ ಸದ್ದು ಬಂದರೆ ಚಕ್ರಕ್ಕೆ ಶಕ್ತಿ ಕೊಡುವ ಶಾಫ್ಟ್ ನೋಡಿಸಿ. ಅದರ ಮೇಲಿನ ರಬ್ಬರ್ ಹರಿದಾಗಲೇ ಬದಲಿಸಿದರೆ ಖರ್ಚು ಕಡಿಮೆ.

ಬ್ರೇಕ್: ಮುಂದೆ ಡಿಸ್ಕ್, ಹಿಂದೆ ಡ್ರಮ್. ಪೆಡಲ್ ಒತ್ತಿದಾಗ ‘ಕೀಚ್’ ಅಂದರೆ ಪ್ಯಾಡ್ ನೋಡಿಸಿ. ‘ಗರಗರ’ ಅಂತ ಕಬ್ಬಿಣ ಉಜ್ಜಿದ ಸದ್ದು ಬಂದರೆ ತಡ ಮಾಡುವಂತೆಯೇ ಇಲ್ಲ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋದರೆ ಕಾರು ತೆಗೆಯಲೇಬೇಡಿ. ಬ್ರೇಕ್ ಆಯಿಲನ್ನು ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು.

ಡಿಕ್ಕಿ: ಇಟಿಯೋಸ್‌ನದು 595 ಲೀಟರ್. ಮದುವೆ ಮನೆಯ ಸೂಟ್‌ಕೇಸ್, ಊರಿಂದ ತಂದ ತೆಂಗಿನಕಾಯಿ ಮೂಟೆ ಎಲ್ಲಾ ಹಿಡಿಸುತ್ತದೆ. ಆದರೆ ಹಾಗೆ ತುಂಬಿಸಿದ ದಿನ ಹಿಂದಿನ ಟೈರ್‌ಗೆ ಗಾಳಿ ಎಷ್ಟಿರಬೇಕು ಅಂತಲೂ ನೋಡಿಕೊಳ್ಳಿ. ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಅದನ್ನು ಬರೆದಿರುತ್ತಾರೆ.

ದೀಪಗಳ ಮಾತು ಕೇಳಿ

ಕೆಂಪು ಅಂದ್ರೆ ‘ಈಗಲೇ’, ಹಳದಿ ಅಂದ್ರೆ ‘ಬೇಗ ತೋರಿಸು’. ಇಷ್ಟು ನೆನಪಿದ್ದರೆ ಅರ್ಧ ಗೆದ್ದಂತೆ.

ಥರ್ಮಾಮೀಟರ್ ಚಿತ್ರದ ಕೆಂಪು ದೀಪ: ಎಂಜಿನ್ ಕಾದಿದೆ. ಎ.ಸಿ. ಆರಿಸಿ, ಎಡಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ! ಹಬೆ ಇಳಿಯದ ಕುಕ್ಕರ್ ಮುಚ್ಚಳ ತೆಗೆದ ಹಾಗೇ ಅದು. ಕನಿಷ್ಠ ಅರ್ಧ ಗಂಟೆ ತಣ್ಣಗಾಗಲಿ. ಹಲವು ಕಾರುಗಳಲ್ಲಿ ಬೆಳಗ್ಗೆ ಇದೇ ಚಿತ್ರ ನೀಲಿಯಾಗಿ ಕಂಡು ಆರುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಅರ್ಥ, ಗಾಬರಿ ಬೇಡ.

ಎಣ್ಣೆ ಜಿನುಗುವ ಗಿಂಡಿಯ ಚಿತ್ರ: ಆಯಿಲ್ ಒತ್ತಡ ಇಲ್ಲ. ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ಎಂಜಿನ್ ಸೀಜ್ ಆದರೆ ಹೊಸ ಎಂಜಿನ್‌ನಷ್ಟೇ ಖರ್ಚು.

ಬ್ಯಾಟರಿ ಚಿತ್ರ: ಚಾರ್ಜ್ ಆಗುತ್ತಿಲ್ಲ. ಒಮ್ಮೆ ಆರಿಸಿದರೆ ಮತ್ತೆ ಸ್ಟಾರ್ಟ್ ಆಗದಿರಬಹುದು. ಹತ್ತಿರದ ಗ್ಯಾರೇಜಿಗೆ ಹೋಗಿ.

ಆಶ್ಚರ್ಯಸೂಚಕ ಚಿಹ್ನೆಯ ಕೆಂಪು ದೀಪ: ಹ್ಯಾಂಡ್ ಬ್ರೇಕ್ ಇಳಿಸಿದರೂ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿದೆ. ಓಡಿಸಬೇಡಿ.

ಇದು ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಇನ್ನೂ ಮುಖ್ಯ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಹೊಸ ರಸ್ತೆಯ ಮುಖ್ಯ ಪಥದಲ್ಲಿ ಮೊದಲಿನ ಹಾಗೆ ಮೂಲೆಗೊಂದು ಗ್ಯಾರೇಜ್, ಪಂಕ್ಚರ್ ಅಂಗಡಿ ಸಿಗೋದಿಲ್ಲ. ಹತ್ತುವ ಮೊದಲೇ ಎಲ್ಲಾ ನೋಡಿಕೊಳ್ಳಿ. ಕೆಟ್ಟು ನಿಂತರೆ ಎಡ ಅಂಚಿಗೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿ, ಮಕ್ಕಳನ್ನು ಎಡಬಾಗಿಲಿನಿಂದ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033.

ನೀರಲ್ಲಿ ನಿಂತರೆ?

2022ರ ಆಗಸ್ಟ್ ಕೊನೆಯ ಮಳೆ ರಾಮನಗರದವರಿಗೆ ಮರೆಯುವಂಥದ್ದಲ್ಲ. ಹೆದ್ದಾರಿಯಲ್ಲೇ ನೀರು ನಿಂತು ಕಾರು, ಬಸ್ಸುಗಳು ಮುಳುಗಿದ್ದವು. ಅಂಥ ಹೊತ್ತಲ್ಲಿ ನಾವೆಲ್ಲ ಮಾಡುವ ದೊಡ್ಡ ತಪ್ಪು, ಆಫ್ ಆದ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡೋದು. ಗಾಳಿ ಎಳೆದುಕೊಳ್ಳುವ ದಾರಿಯಿಂದ ಎಂಜಿನ್ ಒಳಗೆ ನೀರು ಹೋಗಿರುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಹಾಗಾಗಿ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಕೀ ಮುಟ್ಟದೆ, ಮೊದಲು ಮನೆಯವರನ್ನೆಲ್ಲ ಇಳಿಸಿಕೊಂಡು ಎತ್ತರದ ಜಾಗಕ್ಕೆ ಹೋಗಿ. ಆಮೇಲೆ ಕಾರನ್ನು ಎಳೆಸಿಕೊಂಡು ಹೋದರಾಯಿತು.

ಇನ್ನೊಂದು ವಿಷಯ. ಮಾಮೂಲಿ ಇನ್ಶೂರೆನ್ಸ್‌ನಲ್ಲಿ ನೀರು ಹೋಗಿ ಕೆಟ್ಟ ಎಂಜಿನ್‌ಗೆ ಹಲವು ಸಲ ದುಡ್ಡು ಸಿಗೋದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆ ಅಂತ ಪ್ರತ್ಯೇಕವಾಗಿ ಸೇರಿಸಬೇಕು. ಈ ಸಲ ಪಾಲಿಸಿ ಕಟ್ಟುವಾಗ ಕೇಳಿ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಇಟಿಯೋಸ್, ಆಲ್ಟಿಸ್, ಯಾರಿಸ್ ಈಗ ಬೇಕೆಂದರೆ ಹಳೆಯದನ್ನೇ ಕೊಳ್ಳಬೇಕು. ಕಾರು ನೋಡಲು ನೀವೂ ಜೊತೆಗೆ ಹೋಗಿ.

* ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ನೋಡಿ 5 ವರ್ಷಕ್ಕೆ ನವೀಕರಿಸುತ್ತಾರೆ. ಮೊದಲ ವರ್ಷದ ಇಟಿಯೋಸ್‌ಗಳು ಆಗಲೇ ಆ ವಯಸ್ಸಿಗೆ ಬಂದಿವೆ.

* ಇಟಿಯೋಸ್ ಟ್ಯಾಕ್ಸಿಯಾಗಿಯೂ ತುಂಬಾ ಓಡಿದೆ. ಹಳದಿ ಬೋರ್ಡ್‌ನಿಂದ ಬಿಳಿ ಬೋರ್ಡ್‌ಗೆ ಬದಲಾದ ಗಾಡಿಯೇ ಅಂತ ದಾಖಲೆಯಲ್ಲಿ ನೋಡಿ, ಬಾಯಿಬಿಟ್ಟು ಕೇಳಿ.

* ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಗಸಿ ಇದ್ದರೆ ಕೂಲೆಂಟ್ ಸೇರಿರಬಹುದು. ಅಂಥ ಕಾರು ಬೇಡ.

* ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ, ಸೀಟಿನ ಕೆಳಗೆ ತುಕ್ಕು ಇದ್ದರೆ ನೀರಲ್ಲಿ ನಿಂತ ಕಾರಿರಬಹುದು. ಈ ಪರೀಕ್ಷೆಯಲ್ಲಿ ಗಂಡಸರಿಗಿಂತ ನಾವೇ ಮೇಲು!

ತಿಂಗಳಿಗೊಮ್ಮೆ ಹತ್ತು ನಿಮಿಷ

* ಕಾರು ಸಮತಟ್ಟಾದ ಜಾಗದಲ್ಲಿ, ಎಂಜಿನ್ ತಣ್ಣಗಿರಲಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಎರಡು ಗುರುತಿನ ಮಧ್ಯೆ ಆಯಿಲ್ ಇರಬೇಕು.

* ಕೂಲೆಂಟ್, ಬ್ರೇಕ್ ಆಯಿಲ್ ಡಬ್ಬಿಗಳ ಮೇಲೂ ಇಂಥದೇ ಎರಡು ಗೆರೆಗಳಿವೆ. ಹೊರಗಿನಿಂದಲೇ ಕಾಣುತ್ತವೆ.

* ನಾಲ್ಕೂ ಟೈರ್ ಜೊತೆ ಸ್ಟೆಪ್ನಿಗೂ ಗಾಳಿ ಹಾಕಿಸಿ. ಟೈರಿನ ಗಾಡಿ 1.6 ಮಿ.ಮೀ.ಗಿಂತ ಕಡಿಮೆಯಾದರೆ ಬದಲಿಸಲೇಬೇಕು. ಟೈರ್ ಪಕ್ಕದ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. ಅಲ್ಲಿ 3519 ಇದ್ದರೆ 2019ರ 35ನೇ ವಾರ.

* ಕಾರು ತೆಗೆದ ಮೇಲೆ ನೆಲ ನೋಡಿ. ಎ.ಸಿ.ಯ ನೀರು ತೊಟ್ಟಿಕ್ಕಿದ್ದರೆ ಚಿಂತೆಯಿಲ್ಲ. ಎಣ್ಣೆಯ ಕಲೆ, ಬಣ್ಣದ ನೀರು ಇದ್ದರೆ ಗ್ಯಾರೇಜಿಗೆ ತೋರಿಸಿ.

* ಸರ್ವೀಸ್ ತಾರೀಖು, ಕಿಲೋಮೀಟರ್, ಬದಲಿಸಿದ ಭಾಗಗಳನ್ನು ಹಾಲಿನ ಲೆಕ್ಕದ ಹಾಗೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಬದಲಿಸಿದ ಹಳೇ ಭಾಗ ತೋರಿಸಿ ಅಂತ ಕೇಳೋದು ನಿಮ್ಮ ಹಕ್ಕು.

ಇದೆಲ್ಲ ಕಲಿಯೋದು ಹೆಂಗಸರ ಕೆಲಸವಾ ಅಂತ ಯಾರಾದರೂ ನಕ್ಕರೆ, ಬಿಡದಿಯ ಕಡೆ ತೋರಿಸಿ. ಅಲ್ಲಿ 2007ರಲ್ಲಿ ಶುರುವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಈಗ ಹೆಣ್ಣುಮಕ್ಕಳೂ ಸ್ಪ್ಯಾನರ್ ಹಿಡಿದು ಕಲಿಯುತ್ತಿದ್ದಾರೆ. ನಾವು ಸ್ಪ್ಯಾನರ್ ಹಿಡಿಯಬೇಕಿಲ್ಲ, ರಿಪೇರಿಯನ್ನು ಮೆಕ್ಯಾನಿಕ್‌ಗೇ ಬಿಡೋಣ. ಆದರೆ ಆ ಕಾರಿನಲ್ಲಿ ಕೂರೋದು ನಾವು, ನಮ್ಮ ಮಕ್ಕಳು, ವಯಸ್ಸಾದ ಅತ್ತೆ-ಮಾವ.

ಈಗ ನಮ್ಮ ಮನೆಯಲ್ಲಿ ಕೆಂಪು ದೀಪ ಹತ್ತಿದರೆ ನಾನು ‘ಅದೇನದು?’ ಅಂತ ಕೇಳೋದಿಲ್ಲ. ‘ರೀ, ನಿಲ್ಸಿ’ ಅಂತೀನಿ. ಅವರೂ ನಿಲ್ಲಿಸ್ತಾರೆ. ಮುಹೂರ್ತಕ್ಕೆ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ, ಅಕ್ಷತೆ ಹಾಕೋಕೆ ಎಲ್ಲರೂ ಕ್ಷೇಮವಾಗಿ ತಲುಪಿದರೆ ಸಾಕಲ್ವೇ?