ಕೇಳಿದವರಿಗೆಲ್ಲ ಉತ್ತರಿಸುವ ಪೆಟ್ಟಿಗೆ

ಪಿಎಲ್‌ಸಿ ಎಂಬ ಕೈಗಾರಿಕಾ ನಿಯಂತ್ರಕ ಹುಟ್ಟಿದ್ದು ಕಾರು ಕಾರ್ಖಾನೆಯೊಳಗಿನ ತಂತಿಗಳ ಗೋಜಲನ್ನು ಬಿಡಿಸಲು. 1960ರ ದಶಕದ ಅಮೆರಿಕದಲ್ಲಿ ಯಂತ್ರಗಳು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ದೊಡ್ಡ ದೊಡ್ಡ ಪ್ಯಾನೆಲ್‌ಗಳಲ್ಲಿ ಕೂತ ರಿಲೇಗಳು. ಕಾರಿನ ಮಾದರಿ ಬದಲಾದಾಗಲೆಲ್ಲ ಅವುಗಳ ತಂತಿ ಬಿಚ್ಚಿ ಹೊಸದಾಗಿ ಜೋಡಿಸಬೇಕಿತ್ತು. 1968ರಲ್ಲಿ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ ಇದಕ್ಕೊಂದು ಬದಲಿ ಬೇಕೆಂದಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ ಮಾಡಿಕಾನ್ 084 ಮರುವರ್ಷ ಕಾರ್ಖಾನೆ ಸೇರಿತು. ಇನ್ನು ಮುಂದೆ ತಂತಿ ಬಿಚ್ಚಬೇಕಿರಲಿಲ್ಲ, ಪ್ರೋಗ್ರಾಂ ತಿದ್ದಿದರೆ ಸಾಕಿತ್ತು. ಅದನ್ನೂ ಎಲೆಕ್ಟ್ರಿಷಿಯನ್‌ಗಳು ಮೊದಲಿನಿಂದ ಓದಿ ಬಲ್ಲ ಲ್ಯಾಡರ್ ನಕ್ಷೆಯ ರೂಪದಲ್ಲೇ ಬರೆಯಬಹುದಿತ್ತು. ಹೊಸ ಯಂತ್ರ ಬೇಗ ಒಗ್ಗಿಹೋದದ್ದಕ್ಕೆ ಇದೂ ಒಂದು ಕಾರಣ.

ಇಂಥ ಪೆಟ್ಟಿಗೆಗಳು ಹೆಚ್ಚಿದಂತೆ ಅವುಗಳೊಳಗಿನ ಅಂಕಿಗಳನ್ನು ಒಂದೇ ಕಡೆ ಕೂತು ಓದುವ ಅಗತ್ಯ ಬಂತು. 1979ರಲ್ಲಿ ಮಾಡಿಕಾನ್ ಸಂಸ್ಥೆ ಹೊರತಂದ ಮಾಡ್‌ಬಸ್ ಎಂಬ ಸಂವಹನ ನಿಯಮಾವಳಿ ಆ ಅಗತ್ಯವನ್ನು ಪೂರೈಸಿತು. ಅದರ ಸರಳತೆ ಇಂದಿಗೂ ಬೆರಗು ಹುಟ್ಟಿಸುವಂಥದ್ದು. ಒಂದು ತಂತಿಗೆ ಒಂದೇ ಮಾಸ್ಟರ್. 1ರಿಂದ 247ರವರೆಗಿನ ವಿಳಾಸಗಳಲ್ಲಿ ಸ್ಲೇವ್‌ಗಳು. ಮಾಸ್ಟರ್ ಯಾವ ವಿಳಾಸವನ್ನು ಕರೆಯುತ್ತದೋ ಆ ಸ್ಲೇವ್ ಮಾತ್ರ ಉತ್ತರಿಸುತ್ತದೆ, ಉಳಿದವು ಸುಮ್ಮನಿರುತ್ತವೆ. ಸಂದೇಶದಲ್ಲಿರುವುದು ನಾಲ್ಕೇ ಭಾಗ: ಯಾರಿಗೆ, ಏನು ಮಾಡಬೇಕು, ಅದಕ್ಕೆ ಬೇಕಾದ ಅಂಕಿಗಳು, ದಾರಿಯಲ್ಲಿ ಕೆಟ್ಟಿಲ್ಲವೆಂದು ತಾಳೆ ನೋಡಲು ಕೊನೆಗೆರಡು ಬೈಟ್. ಎರಡನೆಯ ಭಾಗದಲ್ಲಿ 3 ಎಂದಿದ್ದರೆ ರಿಜಿಸ್ಟರಿನ, ಅಂದರೆ ಸ್ಲೇವ್ ಅಂಕಿ ಇಟ್ಟುಕೊಳ್ಳುವ ಜಾಗದ, ಅಂಕಿ ಓದಿ ಹೇಳು ಎಂದರ್ಥ. 6 ಎಂದಿದ್ದರೆ ಅಲ್ಲಿ ಹೊಸ ಅಂಕಿ ಬರೆ ಎಂದರ್ಥ. ಬಾಯ್ಲರಿನ ಉಷ್ಣತೆ ಎಷ್ಟಿದೆ ಎಂದು ನೋಡುವುದಕ್ಕೂ ಎಷ್ಟಿರಬೇಕೆಂದು ಆಜ್ಞಾಪಿಸುವುದಕ್ಕೂ ನಡುವಿನ ಅಂತರ ಆ ಒಂದು ಅಂಕಿ. ಕೇಳುತ್ತಿರುವವರು ಯಾರು ಎಂದು ವಿಚಾರಿಸುವುದಕ್ಕೆ ಸಂದೇಶದಲ್ಲಿ ಜಾಗವೇ ಇಲ್ಲ.

ಇದನ್ನು ಅಜಾಗರೂಕತೆ ಎನ್ನುವುದು ನ್ಯಾಯವಲ್ಲ. ಆ ತಂತಿ ಕಾಂಪೌಂಡ್ ದಾಟುತ್ತಿರಲಿಲ್ಲ. 1983ರಲ್ಲಿ ಬಂದ ಆರ್‌ಎಸ್-485 ಮಾನದಂಡ ಕೂಡ ಒಂದು ಜೋಡಿ ಹೆಣೆದ ತಂತಿಯನ್ನು ಸುಮಾರು 1,200 ಮೀಟರ್ ಎಳೆಯಲು ಅವಕಾಶ ಕೊಟ್ಟಿತಷ್ಟೆ. ತಂತಿ ಮುಟ್ಟಬಲ್ಲವನು ಆಗಲೇ ಗೇಟು ದಾಟಿ ಯಂತ್ರದ ಪಕ್ಕದಲ್ಲಿ ನಿಂತಿರುತ್ತಿದ್ದ.

ತೈಲ ಕೊಳವೆ, ವಿದ್ಯುತ್ ಉಪಕೇಂದ್ರ, ನೀರು ಸರಬರಾಜಿನ ಸ್ಥಿತಿ ಬೇರೆ. ಅವು ಊರಿಂದೂರಿಗೆ ಹರಡಿಕೊಂಡಿರುವುದರಿಂದ ಸ್ಕಾಡಾ ಎಂದು ಕರೆಯುವ ದೂರನಿಯಂತ್ರಣ ವ್ಯವಸ್ಥೆಗಳು ಬಾಡಿಗೆ ಟೆಲಿಫೋನ್ ತಂತಿ, ರೇಡಿಯೊ, ಉಪಗ್ರಹಗಳನ್ನು ನೆಚ್ಚಿಕೊಂಡವು. ಪ್ರತಿ ಕೇಂದ್ರವನ್ನೂ ಸರದಿಯ ಮೇಲೆ ಕೇಳುತ್ತಾ ಹೋಗುವ ಪದ್ಧತಿ ಇಲ್ಲಿ ದುಬಾರಿ. ಏನೂ ಬದಲಾಗಿಲ್ಲ ಎಂಬ ಉತ್ತರಕ್ಕೂ ಉಪಗ್ರಹದ ಬಾಡಿಗೆ ತೆರಬೇಕು. 1999ರಲ್ಲಿ ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಬೇರೊಂದು ಕಂಪನಿಯ ಆರ್ಲೆನ್ ನಿಪ್ಪರ್ ತೈಲ ಕೊಳವೆಗಳಿಗಾಗಿ ರೂಪಿಸಿದ ಎಂಕ್ಯೂಟಿಟಿ ಈ ಕ್ರಮವನ್ನೇ ತಿರುಗಿಸಿತು. ಸಾಧನವೇ ತನ್ನ ಸುದ್ದಿಯನ್ನು ನಡುವಿನ ಬ್ರೋಕರ್‌ಗೆ ಕಳಿಸುತ್ತದೆ, ಬೇಕಾದವರು ಅಲ್ಲಿಂದ ಪಡೆಯುತ್ತಾರೆ. ಸಾಧನದ ಸಂಪರ್ಕ ಹಠಾತ್ತನೆ ಕಡಿದರೆ, ಅದು ಮೊದಲೇ ಬರೆದಿಟ್ಟ ಕೊನೆಯ ಸಂದೇಶವನ್ನು ಬ್ರೋಕರ್ ಅದನ್ನು ಬಯಸಿದವರಿಗೆಲ್ಲ ತಲುಪಿಸುತ್ತದೆ. ಮೌನಕ್ಕೂ ಅರ್ಥ ಕೊಟ್ಟ ಈ ಏರ್ಪಾಡು ಇಡೀ ಕ್ಷೇತ್ರದ ಅತಿ ಚೆಲುವಾದ ಕಲ್ಪನೆಗಳಲ್ಲೊಂದು.

ಅದೇ ವರ್ಷ ಮಾಡ್‌ಬಸ್ ಕೂಡ ಈಥರ್‌ನೆಟ್ ಏರಿತು. ಕಚೇರಿಗಳಲ್ಲೆಲ್ಲ ಈಥರ್‌ನೆಟ್ ಅಗ್ಗವಾಗಿ ಸಿಗುತ್ತಿತ್ತು, ಉತ್ಪಾದನೆಯ ಲೆಕ್ಕ ಕಚೇರಿಯ ಕಂಪ್ಯೂಟರಿಗೇ ಬರಲಿ ಎಂಬ ಬೇಡಿಕೆಯೂ ಇತ್ತು. ಹಳೆಯ ಸಂದೇಶದ ತಾಳೆ ಬೈಟ್ ತೆಗೆದು, ಮುಂದೆ ಏಳು ಬೈಟ್‌ಗಳ ತಲೆಬರಹ ಸೇರಿಸಿ, 502ನೇ ಪೋರ್ಟಿನ ಮೂಲಕ ಕಳಿಸುವಂತಾಯಿತು. ಈಥರ್‌ನೆಟ್ ಗೊತ್ತಿಲ್ಲದ ಹಳೆಯ ನಿಯಂತ್ರಕದ ಮುಂದೆ ಒಂದು ಗೇಟ್‌ವೇ ಕೂರಿಸಿದರೆ ಮುಗಿಯಿತು. 3 ಮತ್ತು 6ರ ಅರ್ಥ ಹಾಗೆಯೇ ಉಳಿಯಿತು, ಕೇಳಿದವರಿಗೆಲ್ಲ ಉತ್ತರಿಸುವ ಗುಣವೂ ಉಳಿಯಿತು. ತಂತಿ ಮಾತ್ರ ಈಗ ಕಾಂಪೌಂಡ್ ದಾಟಿತ್ತು.

ದೂರನಿಯಂತ್ರಣದಿಂದ ಆಗುವ ಉಪಕಾರ ಸಣ್ಣದಲ್ಲ. ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಗೊಂಡ ನಾರಾಯಣಪುರ ಎಡದಂಡೆ ಕಾಲುವೆ ಆಧುನೀಕರಣವನ್ನೇ ನೋಡಬಹುದು. 10,000 ಕ್ಯುಸೆಕ್ ಸಾಮರ್ಥ್ಯದ ಈ ಕಾಲುವೆಗೆ ಸ್ಕಾಡಾ ಗೇಟುಗಳನ್ನು ಅಳವಡಿಸಲಾಗಿದೆ. ಮೇಲ್ಭಾಗದ ಹೊಲಗಳು ತುಂಬಿ ತುಳುಕಿದರೂ ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ ಎಂಬುದು ನೀರಾವರಿ ಪ್ರದೇಶಗಳ ಹಳೆಯ ದೂರು. ಎಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಅಳೆದು, ಕೂತಲ್ಲಿಂದಲೇ ಗೇಟು ಎತ್ತಿ ಇಳಿಸುವ ವ್ಯವಸ್ಥೆಗೆ ಅಲ್ಲಿ ನಿಜವಾದ ಕೆಲಸವಿದೆ.

ಹಾಗೆಯೇ, ಅಪಾಯವೂ ಊಹೆಯದಲ್ಲ. 2000ದಲ್ಲಿ ಆಸ್ಟ್ರೇಲಿಯದ ಮರೂಚಿ ಶೈರ್‌ನಲ್ಲಿ, ಒಳಚರಂಡಿ ನಿಯಂತ್ರಣ ವ್ಯವಸ್ಥೆ ಅಳವಡಿಸಿದ ಕಂಪನಿಯ ಮಾಜಿ ನೌಕರನೊಬ್ಬ ರೇಡಿಯೊ ಮೂಲಕ ಪಂಪುಗಳಿಗೆ ಸುಳ್ಳು ಆಜ್ಞೆ ಕಳಿಸಿದ್ದರಿಂದ ಲಕ್ಷಾಂತರ ಲೀಟರ್ ಕೊಳಚೆ ಹಳ್ಳ ಮತ್ತು ಉದ್ಯಾನಗಳಿಗೆ ಹರಿಯಿತು. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ನಡೆದದ್ದು ಇನ್ನೂ ಕಠೋರ. ದಾಳಿಕೋರರು ವಿದ್ಯುತ್ ಕಂಪನಿಗಳ ಜಾಲಕ್ಕೆ ನುಗ್ಗಿ, ಆಪರೇಟರ್‌ಗಳದ್ದೇ ಪರದೆಗಳಿಂದ ಉಪಕೇಂದ್ರಗಳ ಬ್ರೇಕರ್ ತೆರೆದರು. ಸುಮಾರು 2,25,000 ಗ್ರಾಹಕರು ಚಳಿಗಾಲದ ಕತ್ತಲಲ್ಲಿ ಉಳಿದರು. ಮತ್ತೆ ದೂರದಿಂದ ಜೋಡಿಸಲಾಗದಂತೆ, ಹಳೆಯ ಸಾಧನಗಳನ್ನು ಈಥರ್‌ನೆಟ್‌ಗೆ ಸೇರಿಸುವ ಪರಿವರ್ತಕಗಳ ಒಳಗಿನ ತಂತ್ರಾಂಶವನ್ನೂ ಅಳಿಸಿ ಹಾಕಿದ್ದರು. ಸಿಬ್ಬಂದಿ ವಾಹನ ಹತ್ತಿ ಉಪಕೇಂದ್ರಗಳಿಗೆ ಹೋಗಿ ಬ್ರೇಕರ್‌ಗಳನ್ನು ಕೈಯಾರೆ ಹಾಕಿದ್ದರಿಂದ ಕೆಲವೇ ಗಂಟೆಗಳಲ್ಲಿ ದೀಪ ಬಂತು. 2023ರ ನವೆಂಬರಿನಲ್ಲಿ ಅಮೆರಿಕದ ಅಲಿಕ್ವಿಪ್ಪ ಪಟ್ಟಣದ ನೀರು ಸರಬರಾಜಿನ ಪಿಎಲ್‌ಸಿ ಪರಕೀಯರ ಕೈಸೇರಿದಾಗಲೂ ನೌಕರರು ಪಂಪನ್ನು ಕೈಯಿಂದ ನಡೆಸಿ ಪಾರಾದರು. ಕೈಯಿಂದ ನಡೆಸುವ ಏರ್ಪಾಡನ್ನು ಖರ್ಚು ಉಳಿಸಲೆಂದು ಕಿತ್ತುಹಾಕುವವರು ಈ ಎರಡು ಪ್ರಸಂಗಗಳನ್ನು ಓದಲೇಬೇಕು.

2018ರಲ್ಲಿ ಮಾಡ್‌ಬಸ್‌ನ ಸುರಕ್ಷಿತ ಆವೃತ್ತಿ ಬಂತು. ಅದು 802ನೇ ಪೋರ್ಟಿನಲ್ಲಿ, ಗೂಢಲಿಪಿಯ ಹೊದಿಕೆಯೊಳಗೆ, ಎರಡೂ ಕಡೆಯವರ ಗುರುತುಪತ್ರ ಪರೀಕ್ಷಿಸಿ ಮಾತಿಗಿಳಿಯುತ್ತದೆ. ಆದರೆ ಪಿಎಲ್‌ಸಿಗಳು ಇಪ್ಪತ್ತು ವರ್ಷ ಓಡುವುದು ಮಾಮೂಲು, ಬದಲಿಸಬೇಕೆಂದರೆ ಉತ್ಪಾದನೆ ನಿಲ್ಲಿಸಬೇಕು. ಹೀಗಾಗಿ ಹಳೆಯ ನಿಯಂತ್ರಕವನ್ನು ಹಾಗೆಯೇ ಬಿಟ್ಟು ಅದರ ಸುತ್ತ ಕಾವಲು ಹಾಕುವುದೇ ಹೆಚ್ಚಾಗಿ ನಡೆದಿರುವ ಕೆಲಸ: ಕಚೇರಿಯ ಜಾಲಕ್ಕೂ ಯಂತ್ರಗಳ ಜಾಲಕ್ಕೂ ನಡುವೆ ಫೈರ್‌ವಾಲ್, ಓದುವ ಕೋರಿಕೆಗಳನ್ನು ಮಾತ್ರ ಬಿಟ್ಟು ಬರೆಯುವ ಆಜ್ಞೆಗಳನ್ನು ತಡೆಯುವ ಗೇಟ್‌ವೇ, ಹೊರಗಿನಿಂದ ಯಾರೂ ಕರೆಯಲಾಗದಂತೆ ಒಳಗಿನಿಂದಲೇ ಬ್ರೋಕರ್ ಕಡೆಗೆ ತೆರೆಯುವ ಸಂಪರ್ಕ.