ಇನ್ಸುಲಿನ್ ಇಳಿಸಿದರೆ ಸಕ್ಕರೆ ಕಾಯಿಲೆ ವಾಸಿಯಾದಂತೆಯೇ?

ಪ್ರಶ್ನೆ: ಅಪ್ಪನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಈಗ ಕಿಡ್ನಿಯೂ ಸೋತಿದೆಯಂತೆ. ಆದರೂ ಡಾಕ್ಟರು ಇನ್ಸುಲಿನ್ ಯೂನಿಟ್ ಇಳಿಸಿದ್ದಾರೆ. ಕಾಯಿಲೆ ಗುಣವಾಯಿತೇ?
– ಓದುಗರು, ತಿರುಮಣಿ, ಪಾವಗಡ ತಾಲ್ಲೂಕು

ಉತ್ತರ: ಇಲ್ಲ, ಗುಣವಾಗಿಲ್ಲ. ಚುಚ್ಚಿಕೊಂಡ ಇನ್ಸುಲಿನ್ ಕೆಲಸ ಮುಗಿಸಿದ ಮೇಲೆ ಅದನ್ನು ಒಡೆದು ಹೊರಹಾಕುವುದರಲ್ಲಿ ಕಿಡ್ನಿಯದೇ ದೊಡ್ಡ ಪಾಲು. ಕಿಡ್ನಿ ಸೋತರೆ ಅದೇ ಡೋಸು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಉಪವಾಸದ ಹೊತ್ತಿನಲ್ಲಿ ಕಿಡ್ನಿಯೇ ಸ್ವಲ್ಪ ಗ್ಲೂಕೋಸ್ ತಯಾರಿಸುತ್ತಿತ್ತು, ಅದೂ ಕಡಿಮೆಯಾಗುತ್ತದೆ. ಹೀಗಾಗಿ ಹಳೆಯ ಡೋಸೇ ಮುಂದುವರಿದರೆ ನಡುರಾತ್ರಿ ಸಕ್ಕರೆ ಕುಸಿದು ಬೆವರು, ನಡುಕ, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಇನ್ಸುಲಿನ್ ಹಾಕಿಕೊಂಡು ಮುದ್ದೆ ಬೇಡವೆಂದು ಮಲಗುವುದು ಇಂಥವರಿಗೆ ನಿಜಕ್ಕೂ ಅಪಾಯ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೊಂದೇ ನಂಬಬೇಡಿ. ಕಿಡ್ನಿ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ, ಆಗ ಅಂಕಿ ತಪ್ಪು ತೋರಿಸಬಹುದು. ಮನೆಯಲ್ಲಿ ಗ್ಲೂಕೋಮೀಟರ್ ಇರಲಿ. 70ಕ್ಕಿಂತ ಇಳಿದರೆ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಬೆರೆಸಿ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಎಳನೀರು ಬೇಡ, ಅದರ ಪೊಟ್ಯಾಸಿಯಂ ಸೋತ ಕಿಡ್ನಿಗೆ ಭಾರ.

2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಡೆಸುವ ನಿಮ್ಮೂರ ಬಿಸಿಲು ಇನ್ಸುಲಿನ್‌ಗೂ ಶತ್ರು. ಫ್ರಿಜ್ ಇಲ್ಲದಿದ್ದರೆ ಒದ್ದೆ ಮರಳಿನ ಮಡಕೆಯೊಳಗೆ, ಸೀಸೆಗೆ ನೀರು ತಾಗದಂತೆ ನೆರಳಲ್ಲಿಡಿ. ಡೋಸು ಏರಿಸುವುದು, ಇಳಿಸುವುದು ಮಾತ್ರ ಡಾಕ್ಟರನ್ನು ಕೇಳಿಯೇ.